ಮುಳಬಾಗಿಲು ಬಸ್ಸಿನಲ್ಲಿ ಅರ್ಧಕ್ಕೆ ನಿಂತ ಹಾಡುಗಳು

ಐವತ್ತೆರಡು ವರ್ಷ ಬದುಕಿ, ಮನೆ ಕಟ್ಟಿ, ಬಿ.ಪಿ. ಮಾತ್ರೆ ನುಂಗುವ ಹಂತಕ್ಕೆ ಬಂದ ಮೇಲೂ ಒಬ್ಬ ಮನುಷ್ಯ, ಯಾವುದೋ ದೇಶದ ಉದ್ದ ಕೂದಲಿನವರು ತಪ್ಪಾಗಿ ಹಾಡಿ ಬಿಸಾಡಿದ ಹಾಡುಗಳನ್ನು ಕೂಡಿಡುತ್ತಾನೆ ಎಂದರೆ ಅವನಿಗೆ ಏನೆನ್ನಬೇಕು? ನನ್ನ ಹೆಂಡತಿ ಏನೆನ್ನುತ್ತಾಳೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮುಳಬಾಗಿಲಿನ ನಮ್ಮ ಬೀದಿಯವರು ಅಷ್ಟು ಕಠಿಣರಲ್ಲ. “ಪಾಪ, ಅವರು ಇಂಗ್ಲಿಷ್ ಹಾಡು ಕೇಳ್ತಾರೆ” ಎಂದು, ಸಕ್ಕರೆ ಕಾಯಿಲೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿ ಸುಮ್ಮನಾಗುತ್ತಾರೆ.

ವಿಷಯ ಇಷ್ಟೇ. ಅರವತ್ತು-ಎಪ್ಪತ್ತರ ದಶಕದ ರಾಕ್ ತಂಡಗಳವರು ಸ್ಟುಡಿಯೋದಲ್ಲಿ ಒಂದು ಹಾಡನ್ನು ಒಂದೇ ಸಲಕ್ಕೆ ಹಾಡಿ ಎದ್ದು ಹೋಗುತ್ತಿರಲಿಲ್ಲ. ಹತ್ತು ಸಲ, ಇಪ್ಪತ್ತು ಸಲ ಹಾಡುತ್ತಿದ್ದರು. ಒಮ್ಮೆ ಡ್ರಮ್ ಬಾರಿಸುವವನ ಕೈಯಿಂದ ಕೋಲು ಜಾರುತ್ತಿತ್ತು. ಒಮ್ಮೆ ಹಾಡುವವನಿಗೆ ಸಾಲು ಮರೆತು ನಗು ಬರುತ್ತಿತ್ತು. ಒಮ್ಮೆ ಎಲ್ಲವೂ ಸರಿಯಾಗಿದ್ದು, ಯಾಕೋ ಯಾರಿಗೂ ಹಿಡಿಸುತ್ತಿರಲಿಲ್ಲ. ಕೊನೆಗೆ ಒಂದನ್ನು ಆರಿಸಿ ಲೋಕಕ್ಕೆ ಬಿಟ್ಟು ಮಿಕ್ಕವನ್ನು ಬೀರುವಿಗೆ ಹಾಕುತ್ತಿದ್ದರು. ಲೋಕದ ಜನ ಆ ಒಂದನ್ನು ಕೇಳಿಕೊಂಡು ಸುಖವಾಗಿದ್ದಾರೆ. ನನ್ನಂಥ ತಿಕ್ಕಲರಿಗೆ ಮಾತ್ರ ಬೀರುವಿನಲ್ಲಿ ಉಳಿದದ್ದೇ ಬೇಕು. ಹೇಗೋ ಹೊರಗೆ ಬಂದ ಅಂಥ ಹಾಡುಗಳನ್ನು ನಾವು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತೇವೆ. “ನಿನ್ನ ಹತ್ತಿರ ಏಳನೇ ಸಲ ಹಾಡಿದ್ದು ಇದೆಯಾ? ನನ್ನ ಹತ್ತಿರ ಹನ್ನೊಂದನೆಯದೂ ಇದೆ” ಎಂದು, ಮುಖ ನೋಡದವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತೇವೆ.

ಈ ಚಟ ಹತ್ತಿದ್ದು ಒಂದು ಸುಳ್ಳಿನಿಂದ. ಕೋಲಾರದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿಯಿತ್ತು. ನಾನು ತುಂಬಿಸಿಕೊಂಡ ಒಂದು ಹಾಡಿನಲ್ಲಿ ಹಾಡುವವನು ನಡುವೆ ಕೆಮ್ಮಿ, ಏನೋ ಬೈದು, ಮತ್ತೆ ಮೊದಲಿಂದ ಶುರು ಮಾಡಿದ್ದ. ನಾನು ಜಗಳಕ್ಕೆ ಹೋದೆ. ಅಂಗಡಿಯವನು ಕ್ಯಾಸೆಟ್ ವಾಪಸ್ ತಗೊಳ್ಳಬೇಕಾಗುತ್ತದಲ್ಲ ಎಂದು ದನಿ ತಗ್ಗಿಸಿ, “ಲೇ, ಮೆತ್ತಗೆ ಮಾತಾಡೋ. ಇದು ಯಾರ ಹತ್ರಾನೂ ಇಲ್ಲ. ಸ್ಪೆಷಲ್. ನಿಂಗೆ ಅಂತ ಹಾಕ್ಕೊಟ್ಟಿದೀನಿ” ಎಂದ. ನಾನು ಜಗಳವಾಡಲು ಬಂದವನು ಥ್ಯಾಂಕ್ಸ್ ಹೇಳಿ ಬಂದೆ. ಮೂವತ್ತು ವರ್ಷವಾಯಿತು, ಇನ್ನೂ ಹಾಗೇ ಇದ್ದೇನೆ.

ಹೊಟ್ಟೆಪಾಡಿಗೆ ನಾನು ನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಸೆಕ್ಷನ್ನಿನವನು. ಬೆಳಗಿನಿಂದ ಸಂಜೆಯವರೆಗೆ ಲೋಹದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಡಬ್ಬಕ್ಕೆ ಎಸೆಯುವುದು ನನ್ನ ಕೆಲಸ. “ಕಂಪನೀಲಿ ಸೊಟ್ಟಗಿರೋದನ್ನೆಲ್ಲ ಎತ್ತಿ ಬಿಸಾಕ್ತೀರ. ಮನೇಗೆ ಬಂದು ಸೊಟ್ಟಗಿರೋದನ್ನೇ ಹುಡುಕ್ಕೊಂಡು ಕೇಳ್ತೀರ. ನಿಮಗೇನು ಗ್ರಹಚಾರಾನ್ರೀ?” ಎಂದು ಹೆಂಡತಿ ಕೇಳುತ್ತಾಳೆ. ಇದಕ್ಕೆ ನಾನು ಮದುವೆಯಾದಾಗಿನಿಂದ ಉತ್ತರ ಹುಡುಕುತ್ತಿದ್ದೇನೆ.

ದಿನಾ ಬೆಳಿಗ್ಗೆ ಏಳಕ್ಕೆ ಮುಳಬಾಗಿಲಿನಿಂದ ಕಂಪನಿ ಬಸ್ಸು. ದಾರಿಯುದ್ದಕ್ಕೂ ನಿಂತು ನಿಂತು ಜನರನ್ನು ಹತ್ತಿಸಿಕೊಂಡು, ಕೋಲಾರದಲ್ಲಿ ಹತ್ತು ನಿಮಿಷ ನಿಂತು, ಎಂಟೂವರೆಯೊಳಗೆ ನರಸಾಪುರದ ಗೇಟಿಗೆ ಬಿಡಬೇಕು. ಡ್ರೈವರು ಶ್ರೀನಿವಾಸಪುರದ ಕಡೆಯ ಹಳ್ಳಿಯವನು, ಮೂವತ್ತೈದರ ಆಸುಪಾಸು. ಕನ್ನಡದಲ್ಲಿ ಶುರುವಾದ ಅವನ ಮಾತು ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿತ್ತು. ಆದರೆ ಸಿಟ್ಟು ಬರುತ್ತಿದ್ದುದು ಕಡಿಮೆ. ನಾನು ಅವನ ಹಿಂದಿನ ಮೊದಲ ಸೀಟಿನವನಾದ್ದರಿಂದ ಇಬ್ಬರಿಗೂ ಸಲಿಗೆಯಿತ್ತು.

ಅವನದೊಂದು ಕಟ್ಟುನಿಟ್ಟು. ಗಾಡಿಯಲ್ಲಿ ಶುರುವಾದ ಹಾಡು ಮುಗಿಯಲೇಬೇಕು. ಯಾರು ಎಷ್ಟು ಕೂಗಿದರೂ ನಡುವೆ ಹಾಡು ಬದಲಾಯಿಸುತ್ತಿರಲಿಲ್ಲ. “ಮುಗೀಲಿ ಇರ್ರಪ್ಪ” ಎನ್ನುತ್ತಿದ್ದ. ಅಕಸ್ಮಾತ್ ಹಾಡು ತಾನಾಗಿ ಅರ್ಧಕ್ಕೆ ನಿಂತರೆ ಗಾಡಿಯೂ ನಿಲ್ಲಬೇಕು. ಕೆಳಗಿಳಿದು, ಮುಂದಿನ ಚಕ್ರಕ್ಕೆ ಒಂದು ಚೊಂಬು ನೀರು ಹಾಕಿ, ಊದುಬತ್ತಿ ಹಚ್ಚಿ, ಆಮೇಲೇ ಹೊರಡಬೇಕು. ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ ಅವನಿಗೆ ಸ್ಟೇರಿಂಗ್ ಕಲಿಸಿದ ಮುದುಕ ಡ್ರೈವರು ಹೇಳಿಕೊಟ್ಟ ಪಾಠವಂತೆ ಅದು. ನಮ್ಮ ಡ್ರೈವರು ಅದನ್ನು ಮೀರಿದ್ದು ಒಂದೇ ಸಲ.

ಆ ಒಂದು ಸಲದ ಕಥೆಯನ್ನು ಕೋಲಾರದ ಸ್ಟಾಪಿನಲ್ಲಿ ಟೀ ಕುಡಿಯುವಾಗ ನನಗೆ ಹೇಳಿದ್ದ. ಮಾವಿನಕಾಯಿ ಲೋಡು ಹಾಕಿಕೊಂಡು ದಿಲ್ಲಿಗೆ ಹೊರಟಿದ್ದ. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಟೇಪು ಅರ್ಧದಲ್ಲಿ ನಿಂತಿತು. ಕಾಯಿ ಹಣ್ಣಾಗಿಬಿಡುತ್ತದೆ ಎನ್ನುವ ಆತುರ, ಇವನು ನಿಲ್ಲಿಸಲಿಲ್ಲ. ಆ ಸಲ ಇವನು ದಿಲ್ಲಿಯಲ್ಲಿದ್ದಾಗಲೇ ಇಲ್ಲಿ ಹೆಂಡತಿಗೆ ದಿನ ತುಂಬುವ ಮುಂಚೆ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಇವನು ಬಂದು ಸೇರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

“ಹತ್ತು ವರ್ಷ ಆಯ್ತು ಸಾ. ಈಗ ಮತ್ತೆ ಬಸುರು ನಿಂತೈತೆ. ಏಳು ತಿಂಗಳು” ಎಂದು ಟೀ ಲೋಟ ತಿರುಗಿಸುತ್ತಾ ಹೇಳಿದ. “ಲಾರಿ ಬಿಟ್ಟು ಆರ್ ವರ್ಷದ್ ಹಿಂದೆ ಈ ಬಸ್ಸಿಗೆ ಬಂದಿದ್ದೇ ಮನೆ ಹತ್ರ ಇರ್ಬೇಕು ಅಂತ. ಸಾಯಂಕಾಲ ಮುಳಬಾಗ್ಲಲ್ಲಿ ಗಾಡಿ ಹಾಕಿ ಬೈಕಲ್ಲಿ ಹೋದ್ರೆ ಮುಕ್ಕಾಲ್ ಗಂಟೇಲಿ ಮನೆ. ಈ ಸಲ ಆಸ್ಪತ್ರೆ ಬಾಗ್ಲಲ್ಲೇ ಇರ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದೀನಿ. ಅವಳಿಗೂ ಅದೊಂದೇ ಧೈರ್ಯ.”

ಇದೆಲ್ಲ ನನಗೆ ಗೊತ್ತಿತ್ತು ಎನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಗೊತ್ತಿಲ್ಲದೆ ಮಾಡಿದವನು ನಾನಲ್ಲ.

ಸ್ವಲ್ಪ ದಿನದಲ್ಲೇ ಅವನ ಪೆನ್‌ಡ್ರೈವ್ ಕೆಟ್ಟಿತು. ಅವನ ಫೋನಿನ ದೇವರ ಹಾಡೊಂದು ಬಿಟ್ಟರೆ ಬಸ್ಸು ಎರಡು ದಿನ ಮೌನವಾಗಿ ಓಡಿತು. ಮೂರನೇ ದಿನ ನಾನು ಜೇಬಿನಿಂದ ನನ್ನದನ್ನು ತೆಗೆದೆ. ಆರು ವರ್ಷದಿಂದ ಅವೇ ನಲವತ್ತು ಸಿನಿಮಾ ಹಾಡು ಕೇಳಿ ಕೇಳಿ ಸಾಕಾಗಿತ್ತು. ಈ ಜನಕ್ಕೆ ಒಳ್ಳೆಯದೇನು ಎಂದು ತೋರಿಸಿಬಿಡಬೇಕು ಎನ್ನುವ ಹುಮ್ಮಸ್ಸು. ಹಾಳಾದವನು ಬಿಡುಗಡೆಯಾದ ಒಳ್ಳೆಯ ಹಾಡುಗಳನ್ನಾದರೂ ತುಂಬಿದ್ದೆನೇ? ಇಲ್ಲ. ಅವು ಎಲ್ಲರ ಹತ್ತಿರ ಇರುತ್ತವೆ. ನನ್ನ ಬೀರುವಿನ ಸರಕು, ಮೂರನೇ ಸಲದ್ದು, ಏಳನೇ ಸಲದ್ದು, ಹನ್ನೊಂದನೆಯದ್ದು, ಅವನ್ನೇ ತುಂಬಿದ್ದೆ. ಅವು ನಡುವೆ ನಿಲ್ಲುತ್ತವೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಅಷ್ಟು ವರ್ಷ ಕೇಳಿ ನನ್ನ ಕಿವಿಗೆ ಆ ನಿಲ್ಲುವುದೂ ಹಾಡಿನ ಭಾಗವೇ ಆಗಿಹೋಗಿತ್ತು.

“ಪ್ರಪಂಚದಲ್ಲೇ ಇಂಥ ಹಾಡಿಲ್ಲ ಕಣಪ್ಪಾ” ಎಂದು ಅವನ ಕೈಗಿಟ್ಟೆ. “ಆದ್ರೆ ನಾನು ಕೊಟ್ಟಿದ್ದು ಅಂತ ಯಾರಿಗೂ ಹೇಳ್ಬೇಡ. ಜನ ಏನಂತಾರೆ ನೋಡೋಣ.” ನನ್ನ ಲೆಕ್ಕಾಚಾರ ಹೀಗಿತ್ತು: ವಾರದೊಳಗೆ ಇಡೀ ಬಸ್ಸು ಮರುಳಾಗುತ್ತದೆ, ಯಾರು ಇದನ್ನು ತಂದ ಪುಣ್ಯಾತ್ಮ ಎಂದು ಕೇಳುತ್ತಾರೆ, ಆಗ ನಾನು ಮೆಲ್ಲಗೆ ಕೈಯೆತ್ತುತ್ತೇನೆ. ತಿರುಕನ ಕನಸು. ಅವನು “ನಾನ್ಯಾಕ್ ಹೇಳ್ಲಿ ಸಾ, ಹೇಳಲ್ಲ” ಎಂದ.

ಮೊದಲು ಅವನ ಫೋನಿನಿಂದ ದೇವರ ಹಾಡು ಆಯಿತು. ಕೋಲಾರ ದಾಟಿದ ಮೇಲೆ ನನ್ನದು. ಗಿಟಾರು ಶುರುವಾಯಿತು, ನಾಲ್ಕು ಸಾಲು ಬಂತು, ಯಾರೋ ಏನೋ ಅಂದರು, ಹಾಡು ನಿಂತಿತು. ಬಸ್ಸು ಎಡಕ್ಕೆ ಸರಿದು ಅದೂ ನಿಂತಿತು. ಡ್ರೈವರು ಇಳಿದು ಚಕ್ರಕ್ಕೆ ನೀರು ಹಾಕಿ, ಊದುಬತ್ತಿ ಹಚ್ಚಿ ಬಂದ. ಹೊರಟ ಮೂರು ನಿಮಿಷಕ್ಕೆ ಎರಡನೇ ಹಾಡಿನವನು ನಡುವೆ ನಕ್ಕು ನಿಲ್ಲಿಸಿದ. ಮತ್ತೆ ಚೊಂಬು, ಮತ್ತೆ ಊದುಬತ್ತಿ. ಮೂರನೆಯದು ಪೂರ್ತಿಯಾಯಿತು, ಆದರೆ ಅದರಲ್ಲಿ ಹಾಡುವವನು ಬರೀ “ಊಂ ಊಂ” ಎಂದು ಗುನುಗಿದ್ದ, ಯಾಕೆಂದರೆ ಆ ಹೊತ್ತಿಗೆ ಅವನಿಗೆ ಸಾಹಿತ್ಯ ಬರೆದಾಗಿರಲಿಲ್ಲ. ನನಗಂತೂ ಮೈ ಜುಮ್ಮೆಂದಿತು. ನನ್ನ ಹಿಂದೆ ಕೂತಿದ್ದ ತಾಯಲೂರಿನ ಹೆಂಗಸು ಪಕ್ಕದವಳಿಗೆ, “ಯಾರಿಗೋ ಹಲ್ಲು ನೋವು ಕಣೇ, ಪಾಪ” ಎಂದಳು.

ಅವತ್ತು ಬಸ್ಸು ಹನ್ನೆರಡು ನಿಮಿಷ ತಡ. ಎಲ್ಲರಿಗೂ ಲೇಟ್ ಪಂಚ್. ನಮ್ಮಲ್ಲಿ ಮೂರು ಲೇಟ್ ಪಂಚಾದರೆ ಅರ್ಧ ದಿನದ ರಜೆ ಹೋಗುತ್ತದೆ. ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವವನು ಇಳಿಯುತ್ತಾ, “ಯಾವನ್ಲಾ ಇದನ್ನ ತಂದಿದ್ದು? ಕೈಗೆ ಸಿಗ್ಲಿ!” ಎಂದು ಗುಡುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬು ಮುಟ್ಟಿ ನೋಡಿಕೊಂಡೆ. ಡ್ರೈವರು ನನ್ನ ಕಡೆ ತಿರುಗಿಯೂ ನೋಡದೆ, “ನಮ್ ಪ್ಲೇಯರ್ದೇ ತೊಂದ್ರೆ, ನೋಡಿಸ್ತೀನಿ” ಎಂದ.

ಮರುದಿನ ಟೀ ಕುಡಿಯುವಾಗ ಅವನೇ ನನಗೆ ಕ್ಷಮೆ ಕೇಳಿದ. “ಸಾ, ಬೇಜಾರಾಗ್ಬೇಡಿ. ಅಷ್ಟು ಒಳ್ಳೆ ಹಾಡು ಕೊಟ್ರಿ, ನಮ್ ದರಿದ್ರ ಪ್ಲೇಯರ್ ಕಟ್ ಮಾಡ್ತಾ ಐತೆ.”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಿಜ ಹೇಳಿದೆ. ಹೌದು, ಹೇಳಿದೆ, ಅದೊಂದು ನನ್ನ ಕಡೆಗಿದೆ. “ಪ್ಲೇಯರ್ ಸರಿಯಾಗೇ ಇದೆ ಕಣೋ. ಆ ಹಾಡುಗಳೇ ಹಂಗೆ. ಅವರು ಹಾಡ್ತಾ ಹಾಡ್ತಾ ತಪ್ಪಾಗಿ ನಿಲ್ಲಿಸಿಬಿಟ್ಟಿದ್ದು. ಬೇಡ ಅಂತ ಬಿಸಾಕಿದ್ದು. ಅದನ್ನ ನಾನು ಎತ್ತಿಟ್ಕೊಂಡಿದೀನಿ.”

ಅವನು ನನ್ನ ಮುಖ ನೋಡಿದ. ಆಮೇಲೆ ಜೋರಾಗಿ ನಕ್ಕ. “ನಿಮ್ದು ದೊಡ್ಡ ಮನಸ್ಸು ಸಾ. ನಂಗೆ ಬೇಜಾರಾಗ್ಬಾರ್ದು ಅಂತ ಹಿಂಗ್ ಹೇಳ್ತೀರ. ಯಾರಾದ್ರೂ ಬಿಸಾಕಿದ್ ಹಾಡು ಇಟ್ಕೊಂಡಿರ್ತಾರಾ? ನಿಮ್ಮಂಥ ಓದಿದೋರು?”

ಓದಿದವನು ಬಾಯಿ ಮುಚ್ಚಿಕೊಂಡ. “ಹೋಗ್ಲಿ, ಪೆನ್‌ಡ್ರೈವ್ ವಾಪಸ್ ಕೊಡು” ಎಂದೆ. ಅವನು ಕೊಡಲಿಲ್ಲ. “ಒಂದ್ ಸಲನಾದ್ರೂ ನಿಮ್ ಹಾಡು ಪೂರ್ತಿ ಕೇಳಿಸ್ದೆ ಕೊಟ್ರೆ ನಂಗ್ ಮರ್ಯಾದೆ ಅಲ್ಲ ಸಾ” ಎಂದ. ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ: ಬಸ್ಸಿನ ದೊಡ್ಡ ಸ್ಪೀಕರಿನಲ್ಲಿ ಆ ಹನ್ನೊಂದನೇ ಸಲದ ಹಾಡು ಕೇಳಲು ಬಹಳ ಚೆನ್ನಾಗಿತ್ತು.

ಮುಂದಿನ ಎರಡು ವಾರ ಆ ಮನುಷ್ಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಭಾನುವಾರ ವೇಮಗಲ್ಲಿನ ಗುರುತಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಸ್ಸು ಒಯ್ದ. ಅವನು ಡ್ಯಾಶ್‌ಬೋರ್ಡು ಬಿಚ್ಚಿ, ವೈರು ಲೂಸಾಗಿದೆ ಎಂದು ಹೇಳಿ ಹೊಸ ವೈರು ಎಳೆದ. ಸೋಮವಾರ ಹಾಡು ಮತ್ತೆ ನಿಂತಿತು. ವೈರಲ್ಲ, ಪೆನ್‌ಡ್ರೈವ್ ಚುಚ್ಚುವ ಜಾಗ ಸವೆದಿದೆ ಎಂದು ಅದನ್ನು ಬದಲಾಯಿಸಿದ. ಮತ್ತೆ ನಿಂತಿತು. ಕೊನೆಗೆ ಯಾವುದೋ ಗುಜರಿ ಬಸ್ಸಿನದ್ದೆಂದು ಇಡೀ ಪ್ಲೇಯರನ್ನೇ ತಂದು ಕೂರಿಸಿದ. ಅದರಲ್ಲೂ ಮೊದಲ ಹಾಡು ಅದೇ ನಾಲ್ಕು ಸಾಲಿಗೆ ನಿಂತಿತು, ಎರಡನೇ ಹಾಡಿನ ಪರದೇಶಿ ಅದೇ ನಗು ನಕ್ಕ. ಡ್ರೈವರಿಗೆ ಹೆದರಿಕೆ ಹತ್ತಿತು. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟ, ಬೂದುಗುಂಬಳ ಒಡೆದ. ನಿಂತ ಹಾಡು ಒಮ್ಮೆಯಾದರೂ ಪೂರ್ತಿಯಾದರೆ ದೋಷ ಕಳೆಯುತ್ತದೆ ಎಂದು ದಿನಾ ಅದನ್ನೇ ಹಾಕುತ್ತಿದ್ದ. ಮನೆಯಲ್ಲಿ ಬಸುರಿ ಹೆಂಡತಿಯಿರುವಾಗ ಹಾಡು ದಿನಾ ಅರ್ಧಕ್ಕೆ ನಿಲ್ಲುವುದೆಂದರೆ ಅವನಿಗೆ ಏನು ಎನ್ನುವುದು ಹಿಂದಿನ ಸೀಟಿನಲ್ಲಿ ಕೂತ ನನಗೆ ಕಾಣುತ್ತಿತ್ತು. ಅವನ ಕುತ್ತಿಗೆ ಬೆವರುತ್ತಿತ್ತು. ನಾನು ಕಿಟಕಿಯ ಆಚೆ ಟೊಮೊಟೊ ತೋಟ ನೋಡುತ್ತಿದ್ದೆ.

ಇಷ್ಟರಲ್ಲಿ ಎಲ್ಲರದೂ ಎರಡು ಮೂರು ಅರ್ಧ ದಿನದ ರಜೆ ಹೋಗಿತ್ತು. ಜನ ಕಂಪ್ಲೇಂಟ್ ಬರೆಯಲು ನಿಂತರು. ಬರೆಯುವವರು ಯಾರು? “ಸಾರ್ ಇದಾರಲ್ಲ, ಸಾರ್ ಚೆನ್ನಾಗ್ ಬರೀತಾರೆ” ಎಂದು ಸ್ಟೋರಿನವನು ನನ್ನ ತೊಡೆಯ ಮೇಲೆ ಬಿಳಿ ಹಾಳೆ ಇಟ್ಟ. ಅದೆಲ್ಲ ಬೇಡ ಎನ್ನಲು ಬಾಯಿ ತೆರೆದೆ. “ಮನೇಲಿ ಬರ್ಕೊಂಡ್ ಬರ್ತೀನಿ” ಎಂಬ ಮಾತು ಹೊರಗೆ ಬಂತು.

ಮನೆಯಲ್ಲಿ ಕೂತು ಮೊದಲು ಬರೆದದ್ದು ನಿಜ. ಪೆನ್‌ಡ್ರೈವ್ ನನ್ನದು, ಹಾಡುಗಳು ಇರುವುದೇ ಹಾಗೆ, ಡ್ರೈವರದು ಏನೂ ತಪ್ಪಿಲ್ಲ, ಅವನನ್ನು ಇದೇ ಬಸ್ಸಿನಲ್ಲಿ ಉಳಿಸಿಕೊಳ್ಳಬೇಕು, ಅವನ ಮನೆಯ ಪರಿಸ್ಥಿತಿ ಹೀಗಿದೆ ಎಂದು ಒಂದೂವರೆ ಪುಟ ಬರೆದೆ. ಓದಿ ನೋಡಿದೆ. ಕ್ವಾಲಿಟಿ ಸೆಕ್ಷನ್ನಿನ ಹಿರಿಯ ಉದ್ಯೋಗಿಯೊಬ್ಬ ಬಿಸಾಡಿದ ಹಾಡು ಕೂಡಿಡುತ್ತಾನೆ ಎನ್ನುವುದು ಇಡೀ ಕಾರ್ಖಾನೆಗೆ ಗೊತ್ತಾಗುವುದು ಕಣ್ಣಿಗೆ ಕಟ್ಟಿತು. ಕ್ಯಾಂಟೀನಿನಲ್ಲಿ ನನ್ನನ್ನು ನೋಡಿ “ಊಂ ಊಂ” ಎನ್ನುವವರು ಕಂಡರು. ಇನ್ನೊಂದು ಹಾಳೆ ತೆಗೆದೆ. “ಚಾಲಕರು ಸಕಾರಣವಿಲ್ಲದೆ ಪದೇ ಪದೇ ವಾಹನ ನಿಲ್ಲಿಸುತ್ತಿದ್ದು...” ಎಂದು ಶುರು ಮಾಡಿದೆ. ಹತ್ತೇ ಸಾಲು. ಭಾಷೆ ಶುದ್ಧವಾಗಿತ್ತು. ಹೋದದ್ದು ಅದು. ಬಸ್ಸಿನಲ್ಲಿ ಕೈಯಿಂದ ಕೈಗೆ ದಾಟಿ ಎಲ್ಲರೂ ಸಹಿ ಹಾಕಿದರು. ನಾನು ಮೊದಲೂ ಅಲ್ಲದೆ ಕೊನೆಯೂ ಅಲ್ಲದೆ, ಕಣ್ಣಿಗೆ ಬೀಳದ ಹಾಗೆ ನಡುವೆ ಹಾಕಿದೆ.

ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನಲ್ಲಿ ಅವನನ್ನು ಕರೆದು ಕೇಳಿದರಂತೆ. ಅಲ್ಲಿನ ಗುಮಾಸ್ತ ಊಟದ ಹೊತ್ತಿನಲ್ಲಿ ನಗುತ್ತಾ ಹೇಳಿದ: “ಪ್ಲೇಯರ್ ತೊಂದ್ರೆ ಅಂತಾನೆ ಸಾರ್. ಯಾರ್ದಯ್ಯ ಪೆನ್‌ಡ್ರೈವ್ ಅಂದ್ರೆ ನಂದೇ ಅಂತಾನೆ. ಅವನ ಮುಖಕ್ಕೆ ಇಂಗ್ಲಿಷ್ ಹಾಡು ಬೇರೆ!” ನಾನೂ ನಕ್ಕೆ.

ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಮಾಲೂರಿನ ಬಸ್ಸಿಗೆ ಹಾಕಿದರು. ಮಾಲೂರಿನಿಂದ ಮೊದಲ ಶಿಫ್ಟಿನವರನ್ನು ಕರೆತರುವ ಗಾಡಿ. ನಸುಕಿನಲ್ಲೇ ಹೊರಡಬೇಕಾದ್ದರಿಂದ ವಾರವೆಲ್ಲ ಅಲ್ಲೇ ಮಲಗಬೇಕು. ಶ್ರೀನಿವಾಸಪುರದ ಮನೆಗೆ ಭಾನುವಾರ ಮಾತ್ರ. ಹೋಗುವ ದಿನ ನನ್ನ ಪೆನ್‌ಡ್ರೈವನ್ನು ಕೈಗೆ ಕೊಟ್ಟು, “ಪೂರ್ತಿ ಕೇಳಿಸಕ್ಕಾಗ್ಲಿಲ್ಲ ಸಾ” ಎಂದ. ಆ ವಾರ ನಾನು ಎರಡು ಸಲ ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನ ಬಾಗಿಲವರೆಗೆ ಹೋದೆ. ಒಂದು ಸಲ ಬಾಗಿಲು ಹಾಕಿತ್ತು. ಇನ್ನೊಂದು ಸಲ ತೆರೆದಿತ್ತು, ಹಾಗಾಗಿ ಪಕ್ಕದ ಕೂಲರಿನಲ್ಲಿ ನೀರು ಕುಡಿದು ವಾಪಸ್ ಬಂದೆ.

ಬಸ್ಸಿಗೆ ಹೊಸ ಡ್ರೈವರು ಬಂದ. ಹಾಡೇ ಹಾಕುತ್ತಿರಲಿಲ್ಲ. ಜನ ತಮ್ಮ ತಮ್ಮ ಫೋನು ನೋಡಿಕೊಂಡು ಟೈಮಿಗೆ ಸರಿಯಾಗಿ ಇಳಿಯುತ್ತಿದ್ದರು. ನಾನೂ ಮರೆಯಲು ಶುರು ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ.

ಮರೆಯಲು ಬಿಡದಿದ್ದವಳು ಹೆಂಡತಿ. ಯುಗಾದಿಗೆ ಮನೆ ಗುಡಿಸಿ ಸಾರಿಸುವಾಗ ನನ್ನ ಹಾಡಿನ ಡಬ್ಬ ಕೆಳಗಿಳಿಸಿದ್ದಾಳೆ. ಬೇಡವೆಂದು ಬಿಟ್ಟದ್ದನ್ನು ಬಿಸಾಡುವ ಬುದ್ಧಿ ನನಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಡಬ್ಬದಲ್ಲಿ, ಹಳೆಯ ಕ್ಯಾಸೆಟ್ಟುಗಳ ನಡುವೆ, ಆ ಮೊದಲ ಒಂದೂವರೆ ಪುಟ ಮಡಿಸಿ ಇಟ್ಟಿದ್ದೆ. ನಾನು ಕಾರ್ಖಾನೆಯಿಂದ ಬರುವ ಹೊತ್ತಿಗೆ ಅವಳು ಪೊರಕೆ ಮೂಲೆಗಿಟ್ಟು, ಹಾಳೆ ಹಿಡಿದು ಬಾಗಿಲಲ್ಲೇ ಕೂತಿದ್ದಳು.

“ಏನ್ರೀ ಇದು?”

“ಅದು... ಕಳಿಸ್ಲಿಲ್ಲ.”

“ಮತ್ತೆ ಏನ್ ಕಳಿಸಿದ್ರಿ?”

ಹೇಳಿದೆ. ಎಲ್ಲವನ್ನೂ ಹೇಳಿದೆ. ಮದುವೆಯಾದಾಗಿನಿಂದ ಅವಳು ನನ್ನ ಮಾತಿನ ನಡುವೆ ಬಾಯಿ ಹಾಕದೇ ಇದ್ದದ್ದು ಅದೇ ಮೊದಲು. ಮುಗಿದ ಮೇಲೆ, “ಆ ಹುಡುಗಿ ಬಸುರಿ ಕಣ್ರೀ” ಎಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಎದ್ದು, “ನಾಳೆ ಮೊದ್ಲು ಕಂಪನೀಲಿ ಹೇಳಿ. ಭಾನುವಾರ ನಾನೂ ಬರ್ತೀನಿ, ಅವರ ಮನೆಗೆ ಹೋಗೋಣ. ಹೇಳ್ದೆ ಇದ್ರೆ ನಾನೇ ಹೇಳ್ತೀನಿ, ಅವಾಗ ನಿಮ್ ಮರ್ಯಾದೆ ನೋಡ್ಕೊಳ್ಳಿ” ಎಂದಳು.

ಮರುದಿನ ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನಲ್ಲಿ ನೀರು ಕುಡಿಯದೆ ನೇರ ಒಳಗೆ ಹೋದೆ. ಅಲ್ಲಿನ ಅಧಿಕಾರಿ, ನನ್ನ ಮಗನ ವಯಸ್ಸಿನವನು, ಸಾವಧಾನವಾಗಿ ಕೇಳಿ, “ಅಯ್ಯೋ, ಇಷ್ಟೇನಾ ಸರ್? ಬಿಡಿ, ಮುಗಿದೋದ ವಿಷಯ. ಈಗ ಮುಳಬಾಗಿಲು ಬಸ್ಸಿಗೆ ಬೇರೆಯವರು ಬಂದಾಯ್ತು, ಬದಲಾಯಿಸಕ್ಕಾಗಲ್ಲ” ಎಂದ. ನಗಲೂ ಇಲ್ಲ. ಯಾವ ನಗುವಿಗೆ ಹೆದರಿ ನಾನು ಇಷ್ಟೆಲ್ಲ ಮಾಡಿದ್ದೆನೋ ಅದು ಬರಲೇ ಇಲ್ಲ. ಹೊರಗೆ ಬಂದು ಡ್ರೈವರಿಗೆ ಫೋನ್ ಮಾಡಿದೆ. “ಮಗಳು ಹುಟ್ಟಿದ್ಲು ಸಾ, ನಾಲ್ಕು ದಿನ ಆಯ್ತು” ಎಂದ.

ಭಾನುವಾರ ಹೋದೆವು. ಅವನ ಹೆಂಡತಿಯ ತವರು ಶ್ರೀನಿವಾಸಪುರದಿಂದ ಸ್ವಲ್ಪ ಒಳಗೆ. ರಸ್ತೆಯ ಎರಡೂ ಕಡೆ ಮಾವಿನ ತೋಪು, ಊರ ಹತ್ತಿರ ಹಿಪ್ಪುನೇರಳೆ. ನನ್ನ ಹೆಂಡತಿ ಬಾಣಂತಿಯನ್ನು ನೋಡಲು ಒಳಗೆ ಹೋದಳು. ಅವನು ನನ್ನನ್ನು ಜಗಲಿಯ ಮೇಲೆ ಕೂರಿಸಿ, ಮಗುವನ್ನು ತಂದು ತೋರಿಸಿದ. ಸಾಂಬ್ರಾಣಿ ವಾಸನೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ, ಮುಷ್ಟಿ ಬಿಗಿಹಿಡಿದ ಕೂಸು. ಚೆನ್ನಾಗಿತ್ತು. ದೇವರು ದೊಡ್ಡವನು ಎಂದು ಅವತ್ತು ನಿಜವಾಗಿಯೂ ಅನ್ನಿಸಿತು.

“ಹದಿನೈದ್ ದಿನ ಮುಂಚೇನೇ ಆಗೋಯ್ತು ಸಾ” ಎಂದ. “ಬೆಳಗ್ಗೆ ಐದಕ್ಕೆ ಫೋನ್ ಬಂತು, ನೋವು ಶುರುವಾಗೈತೆ ಅಂತ. ನಾನು ಮಾಲೂರಲ್ಲಿ ಗಾಡಿ ಎತ್ತಿದೀನಿ. ಹಿಂದೆ ನಲವತ್ ಜನ. ರೋಡಲ್ಲಿ ಬಿಟ್ ಬರಕ್ಕಾಗ್ತದಾ? ಅವ್ರನ್ನ ಗೇಟಿಗೆ ಇಳ್ಸಿ, ಕೋಲಾರಕ್ ಬಂದು, ಇಲ್ಲಿಗ್ ಬಸ್ ಸಿಕ್ಕಿ ಆಸ್ಪತ್ರೆಗ್ ಬರೋ ಹೊತ್ಗೆ ಹತ್ತೂವರೆ. ಏಳೂಕಾಲಿಗೇ ಹುಟ್ಟಿತ್ತು.” ಮಗುವಿನ ಬಟ್ಟೆ ಸರಿಮಾಡಿದ. “ಮಗು ಅಳೋವರ್ಗೂ ಅವಳು ಬಾಗ್ಲ್ ಕಡೆನೇ ನೋಡ್ತಿದ್ಲಂತೆ. ನಾನ್ ಇಲ್ಲ ಅಂದ್ರೆ ಈ ಸಲಾನೂ ಹಂಗೇ ಆಗ್ತದೆ ಅಂತ ಅವಳಿಗೆ ಭಯ. ಇನ್ನೂ ಸರಿಯಾಗ್ ಮಾತಾಡ್ತಿಲ್ಲ ನನ್ ಹತ್ರ.”

ಮಗುವನ್ನು ಅವನ ಅತ್ತೆ ಬಂದು ಒಳಗೆ ಎತ್ತಿಕೊಂಡು ಹೋದರು. ಆಗ ಹೇಳಿದೆ. ಅರ್ಜಿ ಬರೆದವನು ನಾನೇ ಎಂದೆ. ಹಾಡುಗಳು ಇರುವುದೇ ಹಾಗೆ, ನಿನ್ನ ಪ್ಲೇಯರಿಗೆ ಏನೂ ಆಗಿರಲಿಲ್ಲ, ವೈರಿಗೂ ಏನೂ ಆಗಿರಲಿಲ್ಲ ಎಂದೆ. ನನ್ನ ಹೆಸರು ಹೇಳದೆ ನೀನು ಮಾತು ಉಳಿಸಿಕೊಂಡೆ, ನಾನು ಮಾಡಬಾರದ್ದು ಮಾಡಿದೆ, ತಪ್ಪಾಯಿತು ಎಂದೆ. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

ಅವನು ಜಗಲಿಯ ಮೇಲೆ ಉಳಿದಿದ್ದ ಮಗುವಿನ ಬಟ್ಟೆಯೊಂದನ್ನು ಎತ್ತಿ ಮಡಿಸಿದ. ಆಮೇಲೆ, “ಅಂದ್ರೆ ಅಪಶಕುನ ಏನೂ ಇರ್ಲಿಲ್ವಾ ಸಾ? ದಿನಾ ಪ್ರಾಣ ಕೈಯಲ್ಲಿ ಹಿಡ್ಕೊಂಡಿದ್ದೆ” ಎಂದ.

“ಇರ್ಲಿಲ್ಲಪ್ಪ.”

“ಮತ್ತೆ ನಂಗೆ ಹೇಳ್ಬಾರ್ದಾ?”

ನನ್ನ ಹತ್ತಿರ ಇದ್ದದ್ದು ಅದೊಂದೇ ಸಮಾಧಾನ. ಅದನ್ನು ಮುಂದೆ ಮಾಡಿದೆ. “ಹೇಳಿದ್ನಲ್ಲೋ, ಕೋಲಾರದ ಸ್ಟಾಪಲ್ಲಿ, ಟೀ ಕುಡೀವಾಗ. ನೀನೇ ನಂಬಲಿಲ್ಲ. ನಕ್ಕುಬಿಟ್ಟೆ.”

ಅವನು ನೆನಪಿಸಿಕೊಂಡ. ಹೌದು ಎನ್ನುವಂತೆ ತಲೆಯಾಡಿಸಿದ. ಸಿಟ್ಟಿರಲಿಲ್ಲ, ಮಾತು ತೆಲುಗಿಗೆ ಹೊರಳಲಿಲ್ಲ.

“ಒಂದ್ ಸಲ ಹೇಳಿ ಬಿಟ್ಬಿಟ್ರಾ ಸಾ? ಇನ್ನೊಂದ್ ಸಲ ಹೇಳ್ಬೇಕಾಗಿತ್ತು.”

ಒಳಗೆ ಮಗು ಅತ್ತಿತು. ಅವನು ಎದ್ದು ಪಂಚೆ ಕೊಡವಿ ಒಳಗೆ ಹೋದ. ಕಾಫಿ ಬಂತು, ಅವನ ಅತ್ತೆ ತಂದುಕೊಟ್ಟರು. ನಾನು ಜಗಲಿಯಲ್ಲೇ ಕೂತು ಕುಡಿದೆ. ಹೆಂಡತಿ ಹೊರಗೆ ಬರುವವರೆಗೂ ಕೂತಿದ್ದೆ. ಒಳಗೆ ಬನ್ನಿ ಎಂದು ಅವನು ಕರೆಯಲಿಲ್ಲ.